ನಿಮ್ಮ ಹಾಡಿಗೆ ನಿಮ್ಮದೇ ಗಿಟಾರ್

ಮಗನೋ ಮಗಳೋ ಹಠ ಮಾಡಿ ತರಿಸಿಕೊಂಡ ಗಿಟಾರ್ ನಿಮ್ಮ ಮನೆಯಲ್ಲೂ ಇದೆಯಾ? ಎರಡು ತಿಂಗಳು ಕ್ಲಾಸಿಗೆ ಹೋಗಿ, ಆಮೇಲೆ ಪಿಯುಸಿ, ಸಿಇಟಿ ಅಂತ ಓದಿನಲ್ಲಿ ಮುಳುಗಿ, ಈಗ ಹಾಸ್ಟೆಲ್ ಸೇರಿದ್ದೂ ಆಯಿತು. ಗಿಟಾರ್ ಮಾತ್ರ ಬೀರುವಿನ ಪಕ್ಕದಲ್ಲಿ ಧೂಳು ತಿನ್ನುತ್ತಾ ನಿಂತಿದೆ. ವಾರಕ್ಕೊಮ್ಮೆ ಅದನ್ನು ಒರೆಸುವವರು ನೀವೇ. ಒರೆಸುವಾಗ ಬಟ್ಟೆ ತಗುಲಿ ತಂತಿ 'ಝುಂ' ಎಂದಾಗ, 'ಇದನ್ನ ನಾನೇ ಯಾಕೆ ಕಲೀಬಾರದು?' ಅಂತ ಒಂದು ಸಲವಾದರೂ ಅನ್ನಿಸಿರಬೇಕಲ್ಲವೇ?

ಅನ್ನಿಸಿದ ಮರುಕ್ಷಣವೇ ಇನ್ನೊಂದು ದನಿಯೂ ಕೇಳಿರುತ್ತದೆ. 'ಅಯ್ಯೋ, ಈ ವಯಸ್ಸಲ್ಲಿ ಗಿಟಾರಾ? ನೋಡಿದವರು ನಗ್ತಾರೆ ಅಷ್ಟೆ.'

ಸ್ವಲ್ಪ ಯೋಚಿಸಿ. ನಿಮ್ಮಲ್ಲಿ ಎಷ್ಟೋ ಮಂದಿ ಕಾಲೇಜು ದಿನಗಳಲ್ಲಿ ಭಾವಗೀತೆ ಸ್ಪರ್ಧೆಗೆ ನಿಂತವರು. ಚಿಕ್ಕಂದಿನಲ್ಲಿ ಸರಳೆ, ಜಂಟಿ, ಗೀತೆಯವರೆಗೆ ಸಂಗೀತ ಕಲಿತವರು. ಮದುವೆ, ಮಕ್ಕಳು, ಅಡುಗೆಮನೆ ಅಂತ ಆದ ಮೇಲೆ ಹಾಡು ನಿಂತಿತು. ಈಗ ಹಾಡುವುದು ಗೌರಿ ಹಬ್ಬದ ಆರತಿಗೆ ಮಾತ್ರ. ಹಾಡೋಣ ಅಂದರೂ ಜತೆಗೆ ನುಡಿಸುವವರು ಬೇಕಲ್ಲ? ಕರೋಕೆ ಟ್ರ್ಯಾಕ್ ಹಾಕಿಕೊಂಡರೆ ಅದರ ಶ್ರುತಿಗೆ ನಾವು ಎಳೆದಾಡಬೇಕು. ಉಸಿರು ಸಾಲದೆ ಒಂದು ಕ್ಷಣ ತಡವಾದರೆ ಅದು ನಮಗಾಗಿ ಕಾಯುವುದಿಲ್ಲ, ಮುಂದೆ ಹೋಗಿಬಿಡುತ್ತದೆ.

ಗಿಟಾರ್ ಹಾಗಲ್ಲ. ಅದು ನಿಮ್ಮ ಶ್ರುತಿಗೆ ಬರುತ್ತದೆ, ನಿಮ್ಮ ಉಸಿರಿಗೆ ಕಾಯುತ್ತದೆ. ಅದಕ್ಕೆ ನೀವು ದೊಡ್ಡ ಕಲಾವಿದೆಯಾಗಬೇಕಾಗಿಲ್ಲ. ಒಂದು ತಾಳ, ಮೂರು ಕಾರ್ಡ್, ಐದು ಸಣ್ಣ ಸ್ವರದ ತುಣುಕು ಬಂದರೆ ಸಾಕು. ಮೊದಲೇ ಸರಿಗಮ ಗೊತ್ತಿದ್ದವರಿಗಂತೂ ಇದು ಅಂದುಕೊಂಡಷ್ಟು ಕಷ್ಟವೇ ಅಲ್ಲ.

ಲೀಡ್ ಬೇಡ, ರಿದಂ ಸಾಕು

ಗಿಟಾರ್ ಅಂದ ಕೂಡಲೇ ವೇದಿಕೆ ಮೇಲೆ ಕಣ್ಣು ಮುಚ್ಚಿ ಮಿಂಚಿನಂತೆ ಬೆರಳಾಡಿಸುವವರು ನೆನಪಾಗುತ್ತಾರೆ. ಅದು ಲೀಡ್ ಗಿಟಾರ್. ಅದಕ್ಕೆ ವರ್ಷಗಟ್ಟಲೆ ಸಾಧನೆ ಬೇಕು. ನಮಗೆ ಬೇಕಾಗಿರುವುದು ರಿದಂ ಗಿಟಾರ್. ಅಂದರೆ ಹಾಡುವವರ ಹಿಂದೆ ಲಯವನ್ನು ಹಿಡಿದು, ಶ್ರುತಿಗೆ ಆಸರೆಯಾಗಿ ನಿಲ್ಲುವ ಕೆಲಸ.

ಬರೀ ಲಯ ಬಾರಿಸುತ್ತಾ ಹೋದರೆ ಸ್ವಲ್ಪ ಹೊತ್ತಿಗೆ ಸಪ್ಪೆ ಅನ್ನಿಸುತ್ತದೆ. ಹಾಗಾಗಿ ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ನಡುವೆ, ಹಾಡುವವರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ, ಮೂರೋ ನಾಲ್ಕೋ ಸ್ವರ ನುಡಿಸಿ ಆ ಜಾಗ ತುಂಬುತ್ತಾರೆ. ಇದಕ್ಕೆ ಗಿಟಾರ್ ಬಲ್ಲವರು 'ಫಿಲ್' ಎನ್ನುತ್ತಾರೆ. ಲಯ ಸಾರು ಇದ್ದಹಾಗೆ, ಫಿಲ್ ಅದರ ಮೇಲಿನ ಒಗ್ಗರಣೆ. ಒಗ್ಗರಣೆಯಿಂದ ಸಾರಿಗೆ ಘಮ ಬರುತ್ತದೆ ನಿಜ. ಆದರೆ ಸಾರೇ ಇಲ್ಲದೆ ಒಗ್ಗರಣೆ ಹಾಕೋದು ಯಾವುದಕ್ಕೆ?

ಮೊದಲು ಗಿಟಾರ್ ಸಿದ್ಧ ಮಾಡಿ

ಮನೆಯಲ್ಲಿ ಹಳೇ ಗಿಟಾರ್ ಇದ್ದರೆ ತಂತಿಗೆ ತುಕ್ಕು ಹಿಡಿದಿರುತ್ತದೆ. ಸಂಗೀತ ವಾದ್ಯಗಳ ಅಂಗಡಿಗೆ ಒಯ್ದು ಹೊಸ ತಂತಿ ಹಾಕಿಸಿ. ಉಕ್ಕಿನ ತಂತಿಯ ಗಿಟಾರ್ ಆದರೆ 'ಲೈಟ್' ಅಥವಾ 'ಎಕ್ಸ್‌ಟ್ರಾ ಲೈಟ್' ತಂತಿ ಕೇಳಿ, ಬೆರಳಿಗೆ ಹಿತ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ಆದರೆ ಅದಕ್ಕೆ ನೈಲಾನ್ ತಂತಿಯನ್ನೇ ಹಾಕಿಸಬೇಕು. ಉಕ್ಕಿನ ತಂತಿ ಹಾಕಿದರೆ ಅದರ ಎಳೆತಕ್ಕೆ ಗಿಟಾರಿನ ಬ್ರಿಡ್ಜ್ ಕಿತ್ತುಬರುವ ಅಪಾಯವಿದೆ.

ವೀಣೆಗೆ ಮೆಟ್ಟಿಲುಗಳಿದ್ದಂತೆ ಗಿಟಾರಿನ ಕತ್ತಿನ ಮೇಲೆ ಲೋಹದ ಅಡ್ಡಪಟ್ಟಿಗಳಿರುತ್ತವೆ. ಇವು ಫ್ರೆಟ್. ಹನ್ನೆರಡನೇ ಫ್ರೆಟ್ ಹತ್ತಿರ ತಂತಿ ಎಷ್ಟು ಎತ್ತರದಲ್ಲಿದೆ ನೋಡಿ. ಉಕ್ಕಿನ ತಂತಿಯದಾದರೆ ಎರಡು-ಎರಡೂವರೆ ಮಿಲಿಮೀಟರ್ ಅಂತರ ಚೆನ್ನ. ಅದಕ್ಕಿಂತ ತುಂಬಾ ಎತ್ತರವಿದ್ದರೆ ತಗ್ಗಿಸಿಕೊಡಲು ಅಂಗಡಿಯವರಿಗೆ ಹೇಳಿ. ಎಷ್ಟೋ ಜನ 'ನನ್ನ ಬೆರಳಿಗೆ ಶಕ್ತಿ ಇಲ್ಲ' ಅಂತ ಗಿಟಾರ್ ಬಿಡುವುದಕ್ಕೆ ಕಾರಣ ಬೆರಳಲ್ಲ, ಈ ಎತ್ತರ.

ಆರು ತಂತಿಗಳಲ್ಲಿ ಅತಿ ದಪ್ಪನೆಯದು ಆರನೆಯದು, ಅತಿ ತೆಳುವಾದದ್ದು ಒಂದನೆಯದು. ದಪ್ಪದಿಂದ ತೆಳುವಿಗೆ ಇವುಗಳ ಸ್ವರ ಇ, ಎ, ಡಿ, ಜಿ, ಬಿ, ಇ. ಶ್ರುತಿ ಕೂಡಿಸಲು ಈಗ ಮೊಬೈಲ್‌ನಲ್ಲೇ ಉಚಿತ ಟ್ಯೂನರ್ ಆಪ್‌ಗಳಿವೆ. ತಂತಿ ಮೀಟಿದರೆ ಹೆಚ್ಚಿದೆಯೋ ಕಡಿಮೆಯಿದೆಯೋ ಅದೇ ತೋರಿಸುತ್ತದೆ. ದಿನಾ ನುಡಿಸುವ ಮೊದಲು ಎರಡು ನಿಮಿಷ ಇದಕ್ಕೆ ಕೊಡಿ. ಅಪಶ್ರುತಿಯ ಗಿಟಾರಿನಲ್ಲಿ ಎಷ್ಟು ಕಲಿತರೂ ಕಿವಿಗೆ ಖುಷಿಯಾಗುವುದಿಲ್ಲ.

ಕೂರುವುದು ಸೋಫಾ ಮೇಲೆ ಬೇಡ. ಕೈ ಇಲ್ಲದ ಕುರ್ಚಿ, ಡೈನಿಂಗ್ ಟೇಬಲ್‌ನದ್ದಾದರೂ ಸರಿ, ಅದರ ಮೇಲೆ ಬೆನ್ನು ನೇರ ಮಾಡಿ ಕೂತು ಗಿಟಾರನ್ನು ಬಲ ತೊಡೆಯ ಮೇಲಿಡಿ. ಬಳೆ ತೆಗೆದಿಡಿ, ಇಲ್ಲವಾದರೆ ಮರದ ಮೇಲೆ ಗೀರು ಬೀಳುತ್ತದೆ. ಮಾಂಗಲ್ಯದ ಸರವನ್ನು ಸೆರಗಿನ ಒಳಗೆ ಸೇರಿಸಿಕೊಳ್ಳಿ, ಗಿಟಾರಿನ ಬೆನ್ನಿಗೆ ತಗುಲಿ ಕಿಣಿಕಿಣಿ ಅನ್ನುವುದು ತಪ್ಪುತ್ತದೆ. ಎಡಗೈ ಉಗುರು ಚಿಕ್ಕದಿರಬೇಕು.

ಬಲಗೈ ನಿಲ್ಲಬಾರದು

ಹೊಸದಾಗಿ ಕಲಿಯುವವರ ಗಮನವೆಲ್ಲ ತಂತಿ ಒತ್ತುವ ಎಡಗೈ ಮೇಲೆ. ನಿಜವಾಗಿ ಮನೆ ನಡೆಸುವುದು ಬಲಗೈ. ಎಡಗೈ ತಪ್ಪಿದರೆ ಕೇಳುವವರು ಕ್ಷಮಿಸಿಬಿಡುತ್ತಾರೆ, ಬಲಗೈ ನಿಂತರೆ ಹಾಡೇ ಮುಗ್ಗರಿಸುತ್ತದೆ.

ನಮ್ಮ ಸುಗಮ ಸಂಗೀತದ ಎಷ್ಟೋ ಹಾಡುಗಳು ಎಂಟು ಮಾತ್ರೆಯ ಕೆಹರ್ವಾ ತಾಳದಲ್ಲಿವೆ. ಆದಿತಾಳ ಹಾಕಿ ಅಭ್ಯಾಸವಿರುವವರಿಗೆ ಎಂಟರ ಎಣಿಕೆ ಹೊಸದೇನಲ್ಲ. ಎಡಗೈ ಬೆರಳುಗಳನ್ನು ತಂತಿಗಳ ಮೇಲೆ ಒತ್ತದೆ ಸುಮ್ಮನೆ ಇರಿಸಿ. ಸ್ವರ ಬರಬಾರದು, 'ಚಕ್ ಚಕ್' ಅನ್ನಬೇಕು ಅಷ್ಟೆ. ಈಗ ಒಂದರಿಂದ ಎಂಟು ಎಣಿಸುತ್ತಾ 1, 3, 5, 7ಕ್ಕೆ ಕೈ ಕೆಳಗೆ, 2, 4, 6, 8ಕ್ಕೆ ಕೈ ಮೇಲೆ ಆಡಿಸಿ. ಜೋಕಾಲಿಯಂತೆ ಒಂದೇ ಸಮ ಇರಲಿ.

ಇದು ಕೈಗೆ ಕೂತ ಮೇಲೆ ಎರಡು ನಡೆ ಕಲಿಯಿರಿ.

ಮೊದಲ ನಡೆ 'ದುಂ-ಚಕ್'. 1ಕ್ಕೆ ಹೆಬ್ಬೆರಳಿನಿಂದಲೋ ಪಿಕ್‌ನಿಂದಲೋ ಒಂದು ದಪ್ಪ ತಂತಿ ಮಾತ್ರ ಮೀಟಿ. 3ಕ್ಕೆ ಕೆಳಗಿನ ತೆಳು ತಂತಿಗಳನ್ನು ಒಟ್ಟಿಗೆ ಸವರಿ. 5ಕ್ಕೆ ಇನ್ನೊಂದು ದಪ್ಪ ತಂತಿ, 7ಕ್ಕೆ ಮತ್ತೆ ಸವರುವುದು. ದುಂ-ಚಕ್, ದುಂ-ಚಕ್.

ಎರಡನೇ ನಡೆಯಲ್ಲಿ ಕೈ ಎಂದಿನಂತೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ, ಆದರೆ 2 ಮತ್ತು 5ರಲ್ಲಿ ತಂತಿಗೆ ತಾಗದೆ ಗಾಳಿಯಲ್ಲಿ ಹೋಗುತ್ತದೆ. ಅಂದರೆ ಕೆಳಗೆ, ಖಾಲಿ, ಕೆಳಗೆ, ಮೇಲೆ, ಖಾಲಿ, ಮೇಲೆ, ಕೆಳಗೆ, ಮೇಲೆ. ಸಾವಿರಾರು ಹಾಡುಗಳಿಗೆ ಹೊಂದುವ ನಡೆ ಇದು. ಆ ಎರಡು ಖಾಲಿ ಜಾಗದಲ್ಲಿ ಕೈ ನಿಲ್ಲಿಸಿಬಿಟ್ಟರೆ ತಾಳ ಓಡುತ್ತದೆ ಇಲ್ಲವೇ ಕುಂಟುತ್ತದೆ. ತಾಗದಿದ್ದರೂ ಕೈ ಆಡಲೇಬೇಕು.

ದಾದ್ರಾದಂಥ ಆರು ಮಾತ್ರೆಯ ಹಾಡಾದರೆ 1ಕ್ಕೆ ದಪ್ಪ ತಂತಿ, 2, 3ಕ್ಕೆ ಹಗುರವಾಗಿ ಸವರುವುದು. 4ಕ್ಕೆ ಮತ್ತೆ ದಪ್ಪ ತಂತಿ, 5, 6ಕ್ಕೆ ಸವರುವುದು. ಹಾಡು ಯಾವ ತಾಳದ್ದು ಅಂತ ತಿಳಿಯದಿದ್ದರೆ ಅದನ್ನು ಕೇಳುತ್ತಾ ಟೇಬಲ್ ಮೇಲೆ ಬೆರಳು ಬಡಿಯಿರಿ, ಕೈಯೇ ಹೇಳುತ್ತದೆ.

ಸ, ಮ, ಪ: ಮೂರು ಕಾರ್ಡ್

ಕೆಲವು ಸ್ವರಗಳನ್ನು ಒಟ್ಟಿಗೆ ನುಡಿಸಿದರೆ ಅದು ಕಾರ್ಡ್, ಸ್ವರಗುಚ್ಛ. ನಮಗೆ ಸದ್ಯಕ್ಕೆ ಜಿ, ಸಿ, ಡಿ ಎಂಬ ಮೂರು ಸಾಕು. ಈ ಮೂರನ್ನೇ ಯಾಕೆ ಆರಿಸಿದ್ದು? ಸಂಗೀತದ ಮೇಷ್ಟ್ರು 'ಐದು ಮನೆ ಶ್ರುತಿ' ಎನ್ನುತ್ತಾರಲ್ಲ, ಅದರ ಷಡ್ಜವೇ ಜಿ. ಹಲವು ಹೆಂಗಸರ ಕಂಠಕ್ಕೆ ಇದು ಅಥವಾ ಇದರ ಆಸುಪಾಸು ಹೊಂದುತ್ತದೆ. ಜಿ 'ಸ' ಆದರೆ ಸಿ 'ಮ', ಡಿ 'ಪ'.

ಜಿ: ನಡುಬೆರಳು ಆರನೇ ತಂತಿಯ ಮೂರನೇ ಫ್ರೆಟ್, ತೋರುಬೆರಳು ಐದನೇ ತಂತಿಯ ಎರಡನೇ ಫ್ರೆಟ್, ಉಂಗುರ ಬೆರಳು ಒಂದನೇ ತಂತಿಯ ಮೂರನೇ ಫ್ರೆಟ್.

ಸಿ: ಉಂಗುರ ಬೆರಳು ಐದನೇ ತಂತಿಯ ಮೂರನೇ ಫ್ರೆಟ್, ನಡುಬೆರಳು ನಾಲ್ಕನೇ ತಂತಿಯ ಎರಡನೇ ಫ್ರೆಟ್, ತೋರುಬೆರಳು ಎರಡನೇ ತಂತಿಯ ಮೊದಲ ಫ್ರೆಟ್. ಆರನೇ ತಂತಿ ಬೇಡ.

ಡಿ: ತೋರುಬೆರಳು ಮೂರನೇ ತಂತಿಯ ಎರಡನೇ ಫ್ರೆಟ್, ಉಂಗುರ ಬೆರಳು ಎರಡನೇ ತಂತಿಯ ಮೂರನೇ ಫ್ರೆಟ್, ನಡುಬೆರಳು ಒಂದನೇ ತಂತಿಯ ಎರಡನೇ ಫ್ರೆಟ್. ಸವರುವಾಗ ನಾಲ್ಕನೇ ತಂತಿಯಿಂದ ಕೆಳಗೆ ಮಾತ್ರ.

ಬೆರಳು ಫ್ರೆಟ್ ಪಟ್ಟಿಯ ಮೇಲೆ ಕೂರಬಾರದು, ಅದರ ಹಿಂದೆ ಒತ್ತಿಕೊಂಡಂತೆ ಇರಬೇಕು. ಆಗ ಕಡಿಮೆ ಶಕ್ತಿಯಲ್ಲಿ ಸ್ವರ ಸ್ಪಷ್ಟ ಬರುತ್ತದೆ.

ದುಂ-ಚಕ್ ನಡೆಗೆ ದಪ್ಪ ತಂತಿಗಳ ಜೋಡಿ ಹೀಗೆ: ಜಿ ಕಾರ್ಡ್‌ಗೆ ಆರು, ಆಮೇಲೆ ನಾಲ್ಕು. ಸಿ ಕಾರ್ಡ್‌ಗೆ ಐದು, ಆಮೇಲೆ ನಾಲ್ಕು. ಡಿ ಕಾರ್ಡ್‌ಗೆ ನಾಲ್ಕು, ಆಮೇಲೆ ಐದು.

ನಿಮ್ಮ ಕಂಠ ಇನ್ನೂ ಮೇಲಿದೆಯಾ? ಕೇಪೋ ಎಂಬ ಪುಟ್ಟ ಕ್ಲಿಪ್ ಸಿಗುತ್ತದೆ. ಎರಡನೇ ಫ್ರೆಟ್‌ಗೆ ಹಾಕಿದರೆ ಅದೇ ಬೆರಳು, ಅದೇ ಕಾರ್ಡ್, ಆದರೆ ಶ್ರುತಿ ಆರು ಮನೆ. ತಗ್ಗಬೇಕಾದರೆ ಆರೂ ತಂತಿಗಳನ್ನು ಸಮನಾಗಿ ಅರ್ಧ ಸ್ವರ ಇಳಿಸಿಕೊಳ್ಳಿ. ಕರೋಕೆ ಟ್ರ್ಯಾಕ್ ಮುಂದೆ ಇನ್ನು ಗಂಟಲು ಹರಿದುಕೊಳ್ಳುವ ಕೆಲಸವಿಲ್ಲ.

ಸರಿಗಮ ಗೊತ್ತಿದ್ದರೆ ಅರ್ಧ ಕಲಿತಂತೆ

ಈಗ ಮೊದಲ ಫಿಲ್. ಜಿ ಕಾರ್ಡಿನಿಂದ ಸಿ ಕಾರ್ಡಿಗೆ ಹೋಗಬೇಕು ಅಂದುಕೊಳ್ಳಿ, ಅಂದರೆ 'ಸ'ದಿಂದ 'ಮ'ಕ್ಕೆ. ನಡುವೆ ಇರುವುದೇನು? ರಿ, ಗ. ಅಷ್ಟೇ ನುಡಿಸಿ!

1ಕ್ಕೆ ಆರನೇ ತಂತಿ ಮೀಟಿ (ಸ), 3ಕ್ಕೆ ಸವರಿ, 5ಕ್ಕೆ ತೋರುಬೆರಳು ಎತ್ತಿ ಐದನೇ ತಂತಿಯನ್ನು ಖಾಲಿ ಮೀಟಿ (ರಿ), 7ಕ್ಕೆ ಅದೇ ಬೆರಳನ್ನು ಎರಡನೇ ಫ್ರೆಟ್‌ಗೆ ವಾಪಸ್ ಇಟ್ಟು ಮೀಟಿ (ಗ). ಮುಂದಿನ ಆವರ್ತದ 1ಕ್ಕೆ ಐದನೇ ತಂತಿಯ ಮೂರನೇ ಫ್ರೆಟ್ (ಮ), ಅಲ್ಲಿಗೆ ಸಿ ಕಾರ್ಡ್ ಬಂತು. ಸ, ರಿ, ಗ, ಮ.

ಸಿ ಇಂದ ಜಿಗೆ ಹಿಂದಿರುಗುವಾಗ ಇದೇ ದಾರಿ ಇಳಿಯುವುದು: 1ಕ್ಕೆ ಮ, 5ಕ್ಕೆ ಐದನೇ ತಂತಿಯ ಎರಡನೇ ಫ್ರೆಟ್ (ಗ), 7ಕ್ಕೆ ಖಾಲಿ ಐದನೇ ತಂತಿ (ರಿ), ಮುಂದಿನ 1ಕ್ಕೆ ಆರನೇ ತಂತಿಯ ಮೂರನೇ ಫ್ರೆಟ್ (ಸ).

ಡಿ ಇಂದ ಜಿಗೆ ಬರಲು ಕೆಳಗಿನಿಂದ ಹತ್ತಿ: 5ಕ್ಕೆ ಖಾಲಿ ಆರನೇ ತಂತಿ (ಮಂದ್ರ ದ), 7ಕ್ಕೆ ಅದರ ಎರಡನೇ ಫ್ರೆಟ್ (ನಿ), 1ಕ್ಕೆ ಮೂರನೇ ಫ್ರೆಟ್ (ಸ).

ಈ ಸ್ವರಗಳಿಂದ ಇನ್ನೊಂದು ಲಾಭವೂ ಉಂಟು. ಹೊಸಬರಿಗೆ ಕಷ್ಟವಾಗುವುದು ಕಾರ್ಡ್ ಬದಲಿಸುವಾಗ. ಮೂರು ಬೆರಳೂ ಒಟ್ಟಿಗೆ ಎದ್ದು ಒಟ್ಟಿಗೆ ಕೂರಬೇಕು, ಅಷ್ಟರಲ್ಲಿ ತಾಳ ತಪ್ಪುತ್ತದೆ. ಇಲ್ಲಿ 5 ಮತ್ತು 7ರಲ್ಲಿ ಒಂದೊಂದೇ ತಂತಿ ಮೀಟುತ್ತಿರುವುದರಿಂದ ಉಳಿದ ಬೆರಳುಗಳಿಗೆ ಮುಂದಿನ ಜಾಗಕ್ಕೆ ಹೋಗಲು ಬಿಡುವು ಸಿಗುತ್ತದೆ. ಕೇಳುವವರಿಗೆ ಅಲಂಕಾರ, ನಮಗೆ ಅನುಕೂಲ.

ಗರ್ಭಿಣಿ ನುಡಿಸಿದ ಗಿಟಾರ್

ದಪ್ಪ ತಂತಿಯಲ್ಲಿ ಸ್ವರ, ತೆಳು ತಂತಿಯಲ್ಲಿ ಲಯ ಎಂಬ ಈ ರೀತಿಯನ್ನು ಲೋಕಕ್ಕೆ ಕೇಳಿಸಿದವರಲ್ಲಿ ದೊಡ್ಡ ಹೆಸರು ಒಬ್ಬ ಗೃಹಿಣಿಯದು ಅಂದರೆ ನಂಬುತ್ತೀರಾ? ಅಮೆರಿಕದ ವರ್ಜೀನಿಯಾದ ಗುಡ್ಡಗಾಡಿನ ಮೇಬೆಲ್ ಕಾರ್ಟರ್. 1927ರ ಆಗಸ್ಟ್‌ನಲ್ಲಿ ಬ್ರಿಸ್ಟಲ್ ಎಂಬ ಊರಿನಲ್ಲಿ ಕಾರ್ಟರ್ ಕುಟುಂಬದ ಹಾಡುಗಳ ಮೊದಲ ಧ್ವನಿಮುದ್ರಣ ನಡೆದಾಗ ಅವರಿಗೆ ಹದಿನೆಂಟು ವರ್ಷ, ತುಂಬು ಗರ್ಭಿಣಿ. ಮರುತಿಂಗಳೇ ಮೊದಲ ಮಗಳು ಹುಟ್ಟಿದಳು. ಹೆಬ್ಬೆರಳಿನಿಂದ ದಪ್ಪ ತಂತಿಗಳಲ್ಲಿ ಹಾಡಿನ ಸ್ವರ ಮೀಟುತ್ತಾ, ತೋರುಬೆರಳಿನಿಂದ ತೆಳು ತಂತಿಗಳನ್ನು ಸವರುವ ಅವರ ರೀತಿಗೆ 'ಕಾರ್ಟರ್ ಸ್ಕ್ರ್ಯಾಚ್' ಎಂದೇ ಹೆಸರಾಯಿತು. ಮೂರು ಹೆಣ್ಣುಮಕ್ಕಳನ್ನು ಬೆಳೆಸಿದರು, ಆಮೇಲೆ ಅವರನ್ನೇ ಸೇರಿಸಿಕೊಂಡು ತಂಡ ಕಟ್ಟಿ ಹಾಡಿದರು.

ಇನ್ನೊಬ್ಬರು ಎಲಿಜಬೆತ್ ಕಾಟನ್, ನಾರ್ತ್ ಕೆರೊಲಿನಾದ ಕಪ್ಪು ಹೆಣ್ಣುಮಗಳು. ಹುಡುಗಿಯಾಗಿದ್ದಾಗ ಮನೆಗೆಲಸ ಮಾಡಿ ಕೂಡಿಟ್ಟ ದುಡ್ಡಿನಲ್ಲಿ ಗಿಟಾರ್ ಕೊಂಡವರು. ಎಡಚರಾದ್ದರಿಂದ ಬಲಗೈಯವರ ಗಿಟಾರನ್ನೇ ತಿರುಗಿಸಿ ಹಿಡಿದು ತಾವೇ ಕಲಿತರು. ಚಿಕ್ಕ ವಯಸ್ಸಿಗೆ ಮದುವೆ, ಸಂಸಾರ. ಗಿಟಾರ್ ಕೈಬಿಟ್ಟಿತು, ಒಂದೆರಡು ವರ್ಷವಲ್ಲ, ದಶಕಗಳ ಕಾಲ. ಮುಂದೆ ಸೀಗರ್ ಎಂಬ ಸಂಗೀತಗಾರರ ಮನೆಯಲ್ಲಿ ಕೆಲಸಕ್ಕಿದ್ದಾಗ ಅಲ್ಲಿದ್ದ ಗಿಟಾರನ್ನು ಕೈಗೆತ್ತಿಕೊಂಡರು. ಬೆರಳು ಮರೆತಿರಲಿಲ್ಲ. ಮೊದಲ ಆಲ್ಬಮ್ 1958ರಲ್ಲಿ ಬಂದಾಗ ಅವರಿಗೆ ಅರವತ್ತು ದಾಟಿತ್ತು. 1985ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದಾಗ ತೊಂಬತ್ತರ ಆಸುಪಾಸು. ಇನ್ನು ನೀವು ನಲವತ್ತಕ್ಕೆ, ಐವತ್ತಕ್ಕೆ 'ವಯಸ್ಸಾಯ್ತು' ಅನ್ನಬೇಡಿ ದಯವಿಟ್ಟು.

ಅವರ ಹಾಡು ಅವರ ಊರಿನದು, ನಮ್ಮ ಹಾಡು ನಮ್ಮ ಊರಿನದು. ರಘು ದೀಕ್ಷಿತ್ 2008ರ ತಮ್ಮ ಆಲ್ಬಮ್‌ನಲ್ಲಿ ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರ್ ಜತೆ ಹಾಡಿದ್ದನ್ನು ಕೇಳಿದ್ದೀರಲ್ಲ? ಕನ್ನಡದ ಪದಕ್ಕೆ ಗಿಟಾರ್ ಪರಕೀಯ ಅಂತ ಯಾರಿಗೂ ಅನ್ನಿಸಲಿಲ್ಲ.

ತಂತಿಯಲ್ಲೇ ಇದೆ ಮೋಹನ

ಸಂಗೀತ ಕಲಿತವರಿಗೆ ಖುಷಿ ಕೊಡುವ ಒಂದು ಸಂಗತಿ. ಜಿಯನ್ನು ಷಡ್ಜ ಅಂದುಕೊಂಡು, ಏನನ್ನೂ ಒತ್ತದೆ ಆರೂ ತಂತಿಗಳನ್ನು ದಪ್ಪದಿಂದ ತೆಳುವಿಗೆ ಒಂದೊಂದಾಗಿ ಮೀಟಿ. ಬರುವ ಸ್ವರ: ದ, ರಿ, ಪ, ಸ, ಗ, ದ. ಜೋಡಿಸಿ ನೋಡಿ, ಸ ರಿ ಗ ಪ ದ. ಇದು ಮೋಹನ ರಾಗವಲ್ಲವೇ? ಚಿಕ್ಕಂದಿನಲ್ಲಿ 'ವರವೀಣಾ' ಗೀತೆ ಕಲಿತದ್ದು ಇದೇ ರಾಗದಲ್ಲಿ. ಹಿಂದೂಸ್ತಾನಿಯವರಿಗೆ ಇದು ಭೂಪ್.

ತೆಳು ತಂತಿಗಳ ಫಿಲ್‌ಗೆ ಈ ಐದು ಸ್ವರ ಸಾಕು. ಎಲ್ಲವೂ ಕೈಗೆಟಕುವ ಜಾಗದಲ್ಲೇ ಇವೆ:

ಸ: ಮೂರನೇ ತಂತಿ, ಖಾಲಿ
ರಿ: ಮೂರನೇ ತಂತಿ, ಎರಡನೇ ಫ್ರೆಟ್
ಗ: ಎರಡನೇ ತಂತಿ, ಖಾಲಿ
ಪ: ಎರಡನೇ ತಂತಿ, ಮೂರನೇ ಫ್ರೆಟ್
ದ: ಒಂದನೇ ತಂತಿ, ಖಾಲಿ
ಮೇಲಿನ ಸ: ಒಂದನೇ ತಂತಿ, ಮೂರನೇ ಫ್ರೆಟ್

ಇಲ್ಲಿಂದ ಎರಡು ತುಣುಕು ಕಲಿಯಿರಿ. ಮೊದಲನೆಯದು ಇಳಿಜಾರು: ಜಿ ಕಾರ್ಡ್ ನುಡಿಸುತ್ತಾ 5, 6, 7, 8ಕ್ಕೆ ಸ, ದ, ಪ, ಗ ಎಂದು ಮೇಲಿನಿಂದ ಇಳಿದು, 1ಕ್ಕೆ ಮತ್ತೆ ಜಿ ಕಾರ್ಡ್. ಎರಡನೆಯದು ಏರು: 5ಕ್ಕೆ ಮೂರನೇ ತಂತಿಯನ್ನು ಖಾಲಿ ಮೀಟಿ (ಸ), ಮತ್ತೆ ಮೀಟದೆಯೇ 6ಕ್ಕೆ ನಡುಬೆರಳನ್ನು ಅದರ ಎರಡನೇ ಫ್ರೆಟ್ ಮೇಲೆ ಪಟ್ಟನೆ ಇಳಿಸಿ (ರಿ), 7ಕ್ಕೆ ಖಾಲಿ ಎರಡನೇ ತಂತಿ (ಗ), 1ಕ್ಕೆ ಕಾರ್ಡ್. ಬೆರಳು ಇಳಿಸಿದಾಗ ಸ್ವರ ಜಾರಿ ಏರುವುದು ಎಷ್ಟು ಇಂಪು ನೋಡಿ!

ಸಿ ಕಾರ್ಡ್ ನಡೆಯುತ್ತಿರುವಾಗ ತುಣುಕನ್ನು ಸ ಅಥವಾ ದದಲ್ಲಿ ಮುಗಿಸಿ, ಡಿ ಕಾರ್ಡ್ ಆದರೆ ಪ ಅಥವಾ ರಿಯಲ್ಲಿ. ಆ ಸ್ವರಗಳು ಆಯಾ ಕಾರ್ಡ್ ಒಳಗೇ ಇರುವುದರಿಂದ ಕರ್ಕಶವಾಗುವುದಿಲ್ಲ.

ವಿರಹ, ದುಃಖದ ಛಾಯೆಯ ಹಾಡಿಗೆ ಈ ಮೋಹನ ಹೊಂದದೆ ಇರಬಹುದು. ಆಗ ಇ ಮೈನರ್ ಕಾರ್ಡಿನಿಂದ ಶುರು ಮಾಡಿ. ಅದಕ್ಕೆ ಎರಡೇ ಬೆರಳು, ಐದು ಮತ್ತು ನಾಲ್ಕನೇ ತಂತಿಗಳ ಎರಡನೇ ಫ್ರೆಟ್. ಅವವೇ ಐದು ಸ್ವರಗಳು, ಆದರೆ ಷಡ್ಜ ಈಗ ಇ. ರಾಗ ಶುದ್ಧ ಧನ್ಯಾಸಿಯಾಗುತ್ತದೆ, ಸಂಗೀತದಲ್ಲಿ ಗ್ರಹಭೇದ ಎನ್ನುವುದು ಇದನ್ನೇ. ಕೇಪೋವನ್ನು ಮೂರನೇ ಫ್ರೆಟ್‌ಗೆ ಹಾಕಿಕೊಂಡರೆ ಶ್ರುತಿ ಮತ್ತೆ ನಿಮ್ಮ ಐದು ಮನೆಗೇ ಬಂತು.

ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಫಿಲ್ ಕಲಿತ ಹೊಸದರಲ್ಲಿ ಎಲ್ಲ ಕಡೆ ಹಾಕುವ ಆಸೆಯಾಗುತ್ತದೆ. ತಡೆದುಕೊಳ್ಳಿ. ನಿಮ್ಮ ದನಿ ಇರುವಾಗ ಗಿಟಾರ್ ಲಯ ಮಾತ್ರ ನೋಡಿಕೊಳ್ಳಲಿ. ದನಿ ನಿಂತಾಗ ಅದು ಮಾತಾಡಲಿ. ಇಬ್ಬರೂ ಒಟ್ಟಿಗೆ ಮಾತಾಡಿದರೆ ಇಬ್ಬರದೂ ಕೇಳುವುದಿಲ್ಲ.

ಹಾಡಿನ ಸಾಹಿತ್ಯವನ್ನು ಹಾಳೆಯ ಮೇಲೆ ಬರೆದುಕೊಳ್ಳಿ. ಹಾಡುತ್ತಾ ಹೋಗಿ, ಎಲ್ಲಿ ಉಸಿರು ತೆಗೆದುಕೊಳ್ಳುತ್ತೀರೋ ಅಲ್ಲಿ ಪೆನ್ಸಿಲ್‌ನಿಂದ ಗೆರೆ ಹಾಕಿ. ಫಿಲ್ ಕೂರುವುದು ಆ ಗೆರೆಗಳಲ್ಲಿ ಮಾತ್ರ. ಅಷ್ಟೂ ಗೆರೆ ತುಂಬಬೇಕಿಲ್ಲ. ಪಲ್ಲವಿಗೆ ಒಂದು, ಚರಣ ಮುಗಿದಾಗ ಒಂದು ಇದ್ದರೆ ಕೇಳಲು ಹಿತ. ಸ್ವರ ತಪ್ಪಿದರೂ ಪರವಾಗಿಲ್ಲ, 1 ಬಂದಾಗ ಕಾರ್ಡ್ ಮೇಲೆ ಬಂದು ಕೂರಲೇಬೇಕು. ನಾಲ್ಕು ಸ್ವರ ನುಡಿಸಲು ಹೋಗಿ 1 ತಪ್ಪುವುದಾದರೆ ಎರಡೇ ನುಡಿಸಿ. ಅದೂ ಆಗದಿದ್ದರೆ ಬಿಟ್ಟುಬಿಡಿ, ಸುಮ್ಮನೆ ಲಯ ಮುಂದುವರಿಸಿ. ಹಾಡು ಹಾಳಾಗುವುದಿಲ್ಲ.

ನಾಲ್ಕು ವಾರದ ಲೆಕ್ಕ

ದಿನಕ್ಕೆ ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ. ಭಾನುವಾರ ಒಟ್ಟಿಗೆ ಎರಡು ಗಂಟೆ ಕೂರುವುದಕ್ಕಿಂತ ದಿನಾ ಇಷ್ಟು ಕೂತರೆ ಕೈ ಬೇಗ ಒಗ್ಗುತ್ತದೆ.

ಮೊದಲ ವಾರ: ಶ್ರುತಿ ಕೂಡಿಸುವುದು, ಸ್ವರವಿಲ್ಲದೆ 'ಚಕ್ ಚಕ್' ತಾಳ, ಇ ಮೈನರ್ ಕಾರ್ಡ್ ಒಂದೇ. ಬೆರಳು ನೋಯುತ್ತದೆ, ಹೆದರಬೇಡಿ.

ಎರಡನೇ ವಾರ: ಜಿ, ಸಿ, ಡಿ. ಒಂದು ನಿಮಿಷಕ್ಕೆ ಗಡಿಯಾರ ಇಟ್ಟುಕೊಂಡು ಜಿ-ಸಿ ಎಷ್ಟು ಸಲ ಬದಲಿಸಿದಿರಿ ಎಣಿಸಿ, ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಡಿ. ದಿನ ಕಳೆದಂತೆ ಸಂಖ್ಯೆ ಏರುವುದನ್ನು ನೋಡಿದರೆ ಹುಮ್ಮಸ್ಸು ಬರುತ್ತದೆ.

ಮೂರನೇ ವಾರ: ದುಂ-ಚಕ್ ನಡೆಯಲ್ಲಿ ಜಿ ಎರಡು ಆವರ್ತ, ಸಿ ಎರಡು, ಜಿ ಎರಡು, ಡಿ ಎರಡು, ಮತ್ತೆ ಜಿ. ಕಾರ್ಡ್ ಬದಲಾಗುವ ಮುಂಚೆ ಸರಿಗಮ ಫಿಲ್. ಜಿಯಿಂದ ಡಿಗೆ ಮಾತ್ರ ಸದ್ಯಕ್ಕೆ ನೇರ ಹೋಗಿ. ವೇಗ ನಿಧಾನವಿರಲಿ.

ನಾಲ್ಕನೇ ವಾರ: ನಿಮಗೆ ಬಾಯಿಪಾಠ ಇರುವ, ಎರಡು-ಮೂರು ಕಾರ್ಡ್‌ನಲ್ಲಿ ಮುಗಿಯುವ ಸರಳ ಹಾಡೊಂದನ್ನು ಆರಿಸಿ. ಮೊದಲು ಗಿಟಾರಿನ ಜತೆ ಗುನುಗಿ, ಆಮೇಲೆ ಬಾಯಿಬಿಟ್ಟು ಹಾಡಿ. ಹಾಡುತ್ತಾ ನುಡಿಸುವುದು ಮೊದಮೊದಲು ಗೊಂದಲವೇ, ತಲೆಯೂ ಕೈಯೂ ಜಗಳವಾಡುತ್ತವೆ. ಕೈ ನಿಲ್ಲಿಸಬೇಡಿ, ಬೇಕಾದರೆ ಹಾಡು ನಿಲ್ಲಿಸಿ, ಮುಂದಿನ 1ಕ್ಕೆ ಸೇರಿಕೊಳ್ಳಿ. ಮೇಲೆ-ಕೆಳಗಿನ ಎರಡನೇ ನಡೆ, ಮೋಹನದ ತುಣುಕು ಎಲ್ಲ ಇದು ಕೂತ ಮೇಲೆ.

ಆ ಇಪ್ಪತ್ತು ನಿಮಿಷ ಎಲ್ಲಿಂದ?

ಇದೇ ದೊಡ್ಡ ಪ್ರಶ್ನೆ. ಬೆಳಿಗ್ಗೆ ತಿಂಡಿ-ಡಬ್ಬಿ ಗಡಿಬಿಡಿ, ಸಂಜೆ ಮಕ್ಕಳ ಹೋಂವರ್ಕ್, ರಾತ್ರಿ ಅಡುಗೆ. ನಡುವೆ ಸಿಕ್ಕ ಹೊತ್ತನ್ನು ಯಾವುದಾದರೂ ಕೆಲಸ ತಿಂದುಹಾಕುತ್ತದೆ. 'ಎಲ್ಲ ಕೆಲಸ ಮುಗಿದ ಮೇಲೆ ಕೂರ್ತೀನಿ' ಅಂದುಕೊಂಡರೆ ಆ ಹೊತ್ತು ಬರುವುದೇ ಇಲ್ಲ, ಯಾಕೆಂದರೆ ಮನೆಕೆಲಸ ಮುಗಿಯುವಂಥದ್ದಲ್ಲ. ಎಲ್ಲರೂ ಹೊರಟ ಮೇಲೆ, ಪಾತ್ರೆಗೆ ಕೈ ಹಾಕುವ ಮೊದಲು ಗಿಟಾರ್ ಹಿಡಿಯಿರಿ. ಇದಕ್ಕೆ ಇನ್ನೊಂದು ಕಾರಣವೂ ಇದೆ. ನೀರಿನಲ್ಲಿ ನೆನೆದ ಬೆರಳ ತುದಿ ಮೆತ್ತಗಾಗಿರುತ್ತದೆ. ಪಾತ್ರೆ, ಬಟ್ಟೆ ಮುಗಿಸಿ ಕೂತರೆ ತಂತಿ ಕೊರೆದು ಎರಡರಷ್ಟು ನೋಯುತ್ತದೆ.

ಗಿಟಾರನ್ನು ಚೀಲದಲ್ಲಿ ಕಟ್ಟಿ ಮೇಲೆ ಅಟ್ಟದಲ್ಲಿಡಬೇಡಿ. ಕಣ್ಣಿಗೆ ಕಾಣುವಂತೆ, ಕೈಗೆ ಸಿಗುವಂತೆ ಇರಲಿ. ಬಿಸಿಲು ಬೀಳುವ ಕಿಟಕಿ ಮತ್ತು ಒಲೆಯ ಶಾಖದಿಂದ ದೂರ ಇಟ್ಟರಾಯಿತು.

ಮನೆಯವರು ನಗಬಹುದು. 'ಏನು, ರೆಹಮಾನ್‌ಗೆ ಕಾಂಪಿಟೇಷನ್ನಾ?' ಅಂತ ಯಜಮಾನರು ಕೆಣಕಬಹುದು. ಅತ್ತೆಯವರಿಗೆ ಈ ಸದ್ದೇ ಹಿಡಿಸದಿರಬಹುದು. ವಾದ ಬೇಡ. ಅತ್ತೆಗೆ ಇಷ್ಟವಾದ ದೇವರನಾಮವೊಂದನ್ನು ನಿಧಾನ ಲಯದಲ್ಲಿ ಹಾಡಿ ತೋರಿಸಿ. ಯಜಮಾನರಿಗೆ, 'ಈ ಇಪ್ಪತ್ತು ನಿಮಿಷ ನನ್ನನ್ನ ಕರೀಬೇಡಿ, ಕಾಫಿ ಡಿಕಾಕ್ಷನ್ ಫಿಲ್ಟರಲ್ಲಿದೆ' ಎಂದು ಸ್ಪಷ್ಟವಾಗಿ ಹೇಳಿ. ನಗುನಗುತ್ತಾ ಹೇಳಿ, ಆದರೆ ಬಿಟ್ಟುಕೊಡಬೇಡಿ. ನೀವೇ ಆ ಹೊತ್ತಿಗೆ ಬೆಲೆ ಕೊಡದಿದ್ದರೆ ಮನೆಯಲ್ಲಿ ಬೇರೆ ಯಾರೂ ಕೊಡುವುದಿಲ್ಲ.

ವೇದಿಕೆ ಹತ್ತಬೇಕು, ವಿಡಿಯೊ ಮಾಡಿ ಹಾಕಬೇಕು ಅನ್ನುವ ಗುರಿಯೂ ಬೇಡ. ಹತ್ತಿದರೆ ಸಂತೋಷ, ಹತ್ತದಿದ್ದರೆ ನಷ್ಟವಿಲ್ಲ. ಎಷ್ಟೋ ವರ್ಷ ಬೇರೆಯವರನ್ನು ಕರೆಯಲು, ಗದರಲು, ಸಮಾಧಾನಪಡಿಸಲು ಮಾತ್ರ ಬಳಸಿದ ದನಿ ತನ್ನ ಶ್ರುತಿಯಲ್ಲಿ ಒಂದು ಪೂರ್ತಿ ಹಾಡು ಹಾಡಿದರೆ, ಅದನ್ನು ಮೊದಲು ಕೇಳಬೇಕಾದವರು ನೀವೇ.

ಕೈಗೆ ಜೋಪಾನ

* ಬೆರಳ ತುದಿಯ ನೋವು ಸಹಜ. ಮೂರು-ನಾಲ್ಕು ವಾರದಲ್ಲಿ ಚರ್ಮ ಗಟ್ಟಿಯಾಗುತ್ತದೆ. ಗುಳ್ಳೆ ಎದ್ದರೆ ಅದು ಮಾಗುವವರೆಗೆ ಬರೀ ಬಲಗೈ ತಾಳ ಅಭ್ಯಾಸ ಮಾಡಿ.
* ಮಣಿಕಟ್ಟಿನಲ್ಲಿ ನೋವು, ಬೆರಳಲ್ಲಿ ಜೋಮು ಬಂದರೆ ತಕ್ಷಣ ನಿಲ್ಲಿಸಿ. ವಿಶ್ರಾಂತಿ ಕೊಟ್ಟರೂ ಹೋಗದಿದ್ದರೆ ವೈದ್ಯರಿಗೆ ತೋರಿಸಿ. ಇದು ಸಹಿಸಿಕೊಳ್ಳಬೇಕಾದ ನೋವಲ್ಲ.
* ಭುಜ ಬಿಗಿ ಹಿಡಿಯಬೇಡಿ. ಐದು ನಿಮಿಷಕ್ಕೊಮ್ಮೆ ಕೈ ಕೊಡವಿ.
* ಒಂದು ತಂತಿ 'ಟಪ್' ಎಂದು ಸತ್ತ ಸದ್ದು ಮಾಡಿದರೆ ಇನ್ನಷ್ಟು ಜೋರಾಗಿ ಒತ್ತಬೇಡಿ. ಪಕ್ಕದ ಬೆರಳು ಅದಕ್ಕೆ ತಾಗಿದೆಯೇ ನೋಡಿ, ಬೆರಳನ್ನು ಕಮಾನಿನಂತೆ ಬಾಗಿಸಿ.
* ನುಡಿಸಿದ ಮೇಲೆ ತಂತಿಗಳನ್ನು ಒಣ ಬಟ್ಟೆಯಿಂದ ಒರೆಸಿ. ಬೆವರು ನಿಂತರೆ ತುಕ್ಕು ಹಿಡಿಯುತ್ತದೆ.
* ವಾರಕ್ಕೊಮ್ಮೆ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಯಾರಿಗೂ ಕಳಿಸುವುದು ಬೇಡ. ನಾಲ್ಕನೇ ವಾರ ಕೂತು ಮೊದಲನೇ ವಾರದ್ದನ್ನು ಕೇಳಿ.